ಕಾರ್ಡ್ ಪರೀಕ್ಷೆಯಲ್ಲಿ ಫ್ಲೂ ಇಲ್ಲ ಎಂದು ಬಂದಿದೆ, ಮಾತ್ರೆ ನಿಲ್ಲಿಸಬಹುದೇ?

ಬಣಕಲ್ ತೋಟದಮನೆ – ಸೋಮವಾರ, ರಾತ್ರಿ 9.40

ಅಮ್ಮನಿಗೆ 71 ವರ್ಷ. ಸಕ್ಕರೆ ಕಾಯಿಲೆ ಹದಿನೈದು ವರ್ಷಗಳಿಂದ ಇದೆ. ನಿನ್ನೆ ಸಂಜೆ ಊಟಕ್ಕೂ ಮೊದಲೇ ಚಳಿ ಎಂದು ಕಂಬಳಿ ಹೊದ್ದು ಮಲಗಿದರು. ಬೆಳಗ್ಗೆ 102 ಡಿಗ್ರಿ ಜ್ವರ, ಒಣ ಕೆಮ್ಮು, ಕಣ್ಣು ತೆರೆಯಲಾಗದಷ್ಟು ತಲೆನೋವು. ಮಳೆ ಹಿಡಿದು ಹನ್ನೆರಡು ದಿನವಾಯಿತು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿಯೂ ಹೋದ ವಾರದಿಂದ ಆರೇಳು ಜನರು ಇದೇ ಜ್ವರದಲ್ಲಿ ಮಲಗಿದ್ದಾರೆ.

ಪೇಟೆಯ ಒಂದು ಲ್ಯಾಬಿನಲ್ಲಿ ಮೂಗಿಗೆ ಕಡ್ಡಿ ಹಾಕಿ, ಅದನ್ನು ಒಂದು ದ್ರಾವಣದಲ್ಲಿ ಅದ್ದಿ, ಕಾರ್ಡಿನ ಮೇಲೆ ಹನಿ ಬಿಟ್ಟು, ಕಾಲು ಗಂಟೆಯಲ್ಲಿ ‘ಇನ್‌ಫ್ಲುಯೆಂಜಾ ಎ ನೆಗೆಟಿವ್, ಬಿ ನೆಗೆಟಿವ್’ ಎಂದು ಬರೆದುಕೊಟ್ಟರು. ನಮ್ಮ ಡಾಕ್ಟರು ಆ ಚೀಟಿಯನ್ನು ನೋಡಿದ ಮೇಲೂ ಒಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆ ಬರೆದಿದ್ದಾರೆ. ಬೆಂಗಳೂರಿನಲ್ಲಿರುವ ಅಣ್ಣ, ‘ಇಲ್ಲ ಎಂದು ಪರೀಕ್ಷೆಯೇ ಹೇಳಿದ ಮೇಲೆ ಆ ಮಾತ್ರೆ ಯಾಕೆ? ನಿಲ್ಲಿಸು’ ಎನ್ನುತ್ತಾನೆ. ಒಂದು ಮಾತ್ರೆ ಕೊಟ್ಟಾಗಿದೆ. ಮುಂದುವರಿಸಬೇಕೋ ಬೇಡವೋ? ತಿಳಿದವರು ದಯವಿಟ್ಟು ಹೇಳಿ.

ಲ್ಯಾಬ್ ತಂತ್ರಜ್ಞೆ, ಹಾಸನ – ಸೋಮವಾರ, ರಾತ್ರಿ 10.15

ಮೊದಲ ಮಾತು: ಡಾಕ್ಟರು ಹೇಳಿದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಆ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಜ್ವರ ಆರಂಭವಾದ 48 ಗಂಟೆಗಳೊಳಗೆ ಕೊಟ್ಟಾಗ. ನಿಮ್ಮ ತಾಯಿಯವರಿಗೆ ಆಗಲೇ ಒಂದು ದಿನ ಕಳೆದಿದೆ. ವಯಸ್ಸು ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವಾಗ ಕಾಯುತ್ತಾ ಕುಳಿತುಕೊಳ್ಳುವಂತಿಲ್ಲ.

ಇನ್ನು ಆ ಚೀಟಿಯ ವಿಷಯ. ವೈರಸ್ ಪರೀಕ್ಷೆಯ ಮೇಜಿನ ಮುಂದೆ ಹದಿನಾಲ್ಕು ವರ್ಷ ಕಳೆದಿದ್ದೇನೆ. ‘ನೆಗೆಟಿವ್’ ಎಂಬ ಪದವನ್ನು ಜನರು ‘ಇಲ್ಲ’ ಎಂದು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾರ್ಡ್ ಹೇಳುವುದು ‘ಇಲ್ಲ’ ಎಂದಲ್ಲ, ‘ನನಗೆ ಕಾಣಲಿಲ್ಲ’ ಎಂದು.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತೇನೆ. ಫ್ಲೂ ವೈರಸ್ಸಿನ ಒಳಗೆ ನ್ಯೂಕ್ಲಿಯೊಪ್ರೋಟೀನ್ ಎಂಬ ಒಂದು ಪ್ರೋಟೀನ್ ಇದೆ. ಕಾರ್ಡಿನ ಪಟ್ಟಿಯಲ್ಲಿ ಆ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಒಂದು ಗೆರೆಯಾಗಿ ಅಂಟಿಸಿರುತ್ತಾರೆ. ಹನಿ ಬಿಟ್ಟ ದ್ರವ ಪಟ್ಟಿಯಲ್ಲಿ ಹರಿಯುತ್ತಾ ಬಣ್ಣದ ಕಣಗಳನ್ನು ಹೊತ್ತು ಸಾಗುತ್ತದೆ. ಹೆಚ್ಚಿನ ಕಾರ್ಡುಗಳಲ್ಲಿ ಅವು ಚಿನ್ನದ ಅತಿಸೂಕ್ಷ್ಮ ಕಣಗಳು. ನೀವು ನೋಡುವ ಕೆಂಪು ಗೆರೆ ಚಿನ್ನದ್ದೇ. ಕಣ ಅಷ್ಟು ಸಣ್ಣದಾದಾಗ ಚಿನ್ನ ಕೆಂಪಾಗಿ ಕಾಣುತ್ತದೆ. ವೈರಸ್ಸಿನ ಪ್ರೋಟೀನ್ ಇದ್ದರೆ ಕಣಗಳು ಗೆರೆಯ ಬಳಿ ಸಿಕ್ಕಿಕೊಂಡು ಬಣ್ಣ ಮೂಡುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟು ಬಣ್ಣ ಮೂಡಬೇಕಾದರೆ ವೈರಸ್ಸಿನ ಪ್ರಮಾಣ ಬಹಳ ಬೇಕು. ಇದ್ದುದನ್ನು ಹೆಚ್ಚಿಸಿ ತೋರಿಸುವ ಶಕ್ತಿ ಕಾರ್ಡಿಗಿಲ್ಲ.

ಇಂಥ ಕಾರ್ಡುಗಳ ಮೇಲಿನ 159 ಅಧ್ಯಯನಗಳನ್ನು ಒಟ್ಟು ಸೇರಿಸಿ 2012ರಲ್ಲಿ ಲೆಕ್ಕ ಹಾಕಿದ್ದರು. ಫ್ಲೂ ಇದ್ದವರಲ್ಲಿ ಕಾರ್ಡ್ ಹಿಡಿದದ್ದು ಶೇ 62ರಷ್ಟು ಜನರನ್ನು ಮಾತ್ರ. ಮಕ್ಕಳ ಮೂಗಿನಲ್ಲಿ ವೈರಸ್ ಹೆಚ್ಚು ಇರುವುದರಿಂದ ಅವರಲ್ಲಿ ಸುಮಾರು ಶೇ 67, ದೊಡ್ಡವರಲ್ಲಿ ಶೇ 54. ಗೆರೆ ಮೂಡಿದರೆ ಮಾತ್ರ ಬಹುಮಟ್ಟಿಗೆ ನಂಬಬಹುದು. ಫ್ಲೂ ಇಲ್ಲದ ನೂರು ಜನರಲ್ಲಿ ಸುಳ್ಳು ಗೆರೆ ಬಂದದ್ದು ಸುಮಾರು ಇಬ್ಬರಿಗೆ. ಅಮೆರಿಕದಲ್ಲಿ 2017ರಲ್ಲಿ ನಿಯಮ ಬಿಗಿ ಮಾಡಿ, ಮಾರುಕಟ್ಟೆಯಲ್ಲಿ ಉಳಿಯಬೇಕಾದರೆ ಕಾರ್ಡ್ ಇನ್ನೂ ಹೆಚ್ಚು ಹಿಡಿಯಲೇಬೇಕು ಎಂದರು. ಗೆರೆಯನ್ನು ಕಣ್ಣಿನ ಬದಲು ಯಂತ್ರದಿಂದ ಓದಿಸುವ ಹೊಸ ಕಾರ್ಡುಗಳು ಹಳೆಯವಕ್ಕಿಂತ ಉತ್ತಮವಾಗಿವೆ. ನಿಮ್ಮ ಪೇಟೆಯಲ್ಲಿ ಬಳಸಿದ್ದು ಯಾವುದೋ, ಚೀಟಿಯಲ್ಲಿ ಬರೆದಿರುವುದಿಲ್ಲ.

ಬಣಕಲ್ ತೋಟದಮನೆ – ಸೋಮವಾರ, ರಾತ್ರಿ 10.32

ಮೇಡಂ, ತುಂಬಾ ಉಪಕಾರವಾಯಿತು. ಅಣ್ಣನಿಗೆ ಇದನ್ನೇ ಕಳುಹಿಸಿದ್ದೇನೆ. ಎರಡನೆಯ ಮಾತ್ರೆಯನ್ನು ಈಗ ಕೊಟ್ಟೆ.

ಬೇಲೂರು ಕಡೆಯವನು – ಮಂಗಳವಾರ, ಬೆಳಗ್ಗೆ 6.50

ಹಾಗಾದರೆ ಇಂಥ ಕಾರ್ಡುಗಳನ್ನು ಮಾರುವುದಾದರೂ ಯಾಕೆ? ಅರ್ಧದಷ್ಟು ರೋಗಿಗಳನ್ನು ಬಿಟ್ಟುಬಿಡುವ ಪರೀಕ್ಷೆಗೆ ಬಡವರು ದುಡ್ಡು ಕೊಡಬೇಕೇ? ನಿಷೇಧಿಸುವುದೇ ಸರಿ.

ಲ್ಯಾಬ್ ತಂತ್ರಜ್ಞೆ, ಹಾಸನ – ಮಂಗಳವಾರ, ಬೆಳಗ್ಗೆ 7.30

ನಿಮ್ಮ ಕೋಪ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡೋಣ.

ಈಗಿನಂತೆ ಮಳೆಗಾಲದಲ್ಲಿ ಜ್ವರ ಬಂದ ನೂರು ಜನರಲ್ಲಿ 30 ಜನರಿಗೆ ಫ್ಲೂ ಇದೆ ಎಂದುಕೊಳ್ಳಿ. ಕಾರ್ಡ್ 19 ಜನರನ್ನು ಹಿಡಿಯುತ್ತದೆ, 11 ಜನರನ್ನು ಬಿಡುತ್ತದೆ. ಉಳಿದ 70 ಜನರಲ್ಲಿ ಒಬ್ಬರಿಗೆ ಸುಳ್ಳು ಗೆರೆ. ಅಂದರೆ ಗೆರೆ ಬಂದ 20 ಜನರಲ್ಲಿ 19 ಜನರಿಗೆ ನಿಜವಾಗಿಯೂ ಫ್ಲೂ ಇದೆ. ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋದ 80 ಜನರಲ್ಲಿಯೂ 11 ಜನರು ಫ್ಲೂ ಹೊತ್ತುಕೊಂಡೇ ಹೋದರು.

ಈಗ ಫ್ಲೂ ಅಪರೂಪವಾಗಿರುವ ಕಾಲವನ್ನು ತೆಗೆದುಕೊಳ್ಳಿ. ನೂರರಲ್ಲಿ ಇಬ್ಬರಿಗೆ ಮಾತ್ರ ಫ್ಲೂ. ಕಾರ್ಡ್ ಒಬ್ಬರನ್ನು ಹಿಡಿಯುತ್ತದೆ. ಉಳಿದ 98 ಜನರಲ್ಲಿ ಇಬ್ಬರಿಗೆ ಸುಳ್ಳು ಗೆರೆ. ಗೆರೆ ಬಂದ ಮೂವರಲ್ಲಿ ಇಬ್ಬರಿಗೆ ಫ್ಲೂ ಇಲ್ಲವೇ ಇಲ್ಲ! ಅದೇ ಕಾರ್ಡ್, ಅದೇ ಕೈ. ಕಾಲ ಬದಲಾದರೆ ಅದೇ ಗೆರೆಯ ಅರ್ಥವೂ ಬದಲಾಗುತ್ತದೆ.

ಹಾಸ್ಟೆಲಿನಲ್ಲಿ ಇಪ್ಪತ್ತು ಹುಡುಗರು ಒಟ್ಟಿಗೆ ಮಲಗಿದಾಗ ಐದಾರು ಜನರಿಗೆ ಕಾರ್ಡ್ ಹಾಕಿ, ಇಬ್ಬರಿಗೆ ಗೆರೆ ಬಂದರೂ ಅಲ್ಲಿ ಓಡಾಡುತ್ತಿರುವುದು ಫ್ಲೂ ಎಂದು ಕಾಲು ಗಂಟೆಯಲ್ಲಿ ತಿಳಿಯುತ್ತದೆ. ಹುಡುಗರನ್ನು ಬೇರೆ ಕೋಣೆಗೆ ಹಾಕಬಹುದು, ಮನೆಗೆ ಕಳುಹಿಸುವುದನ್ನು ತಡೆಯಬಹುದು. ಆ ಕೆಲಸಕ್ಕೆ ಇದಕ್ಕಿಂತ ಬೇಗನೆ, ಇಷ್ಟು ಕಡಿಮೆ ಖರ್ಚಿನಲ್ಲಿ ಒದಗುವುದು ಬೇರೊಂದಿಲ್ಲ. ಅದೇ ಕಾರ್ಡನ್ನು ಮುಂದಿಟ್ಟುಕೊಂಡು ಒಬ್ಬ ವೃದ್ಧೆಗೆ ಔಷಧಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

ಅರಸೀಕೆರೆಯ ನಿವೃತ್ತ ಅಧ್ಯಾಪಕ – ಮಂಗಳವಾರ, ಬೆಳಗ್ಗೆ 9.05

ಬಹಳ ಉಪಯುಕ್ತ ಚರ್ಚೆ. 2023ರ ಮಾರ್ಚಿನಲ್ಲಿ ಎಚ್3ಎನ್2 ಫ್ಲೂನಿಂದ ರಾಜ್ಯದ ಮೊದಲ ಸಾವು ವರದಿಯಾದದ್ದು ನಮ್ಮ ಹಾಸನ ಜಿಲ್ಲೆಯಿಂದಲೇ. ಆ ಹಿರಿಯರು ತೀರಿಕೊಂಡದ್ದು ಮಾರ್ಚ್ 1ರಂದು. ಎಚ್3ಎನ್2 ಎಂದು ಖಚಿತವಾದದ್ದು ಮಾರ್ಚ್ 6ರಂದು ಎಂದು ಪತ್ರಿಕೆಗಳಲ್ಲಿ ಓದಿದಾಗ ಮನಸ್ಸಿಗೆ ನಾಟಿತ್ತು. ಖಚಿತ ಪರೀಕ್ಷೆಗೆ ಇಷ್ಟು ದಿನ ಯಾಕೆ ಬೇಕು? ಆರ್‌ಟಿ-ಪಿಸಿಆರ್ ಎನ್ನುವುದು ದಿನಗಟ್ಟಲೆ ನಡೆಯುವ ಪರೀಕ್ಷೆಯೇ?

ಲ್ಯಾಬ್ ತಂತ್ರಜ್ಞೆ, ಹಾಸನ – ಮಂಗಳವಾರ, ಮಧ್ಯಾಹ್ನ 1.40

ಸರ್, ಯಂತ್ರ ತೆಗೆದುಕೊಳ್ಳುವುದು ಒಂದೂವರೆಯಿಂದ ಎರಡು ಗಂಟೆ ಅಷ್ಟೇ. ಆರ್‌ಎನ್‌ಎ ಬೇರ್ಪಡಿಸುವುದನ್ನೂ ಸೇರಿಸಿದರೆ ಅರ್ಧ ದಿನ. ಉಳಿದ ದಿನಗಳೆಲ್ಲ ಕಳೆಯುವುದು ಲ್ಯಾಬಿನ ಹೊರಗೆ: ಮಾದರಿ ತೆಗೆಯಲು ಯಾರಾದರೂ ನಿರ್ಧರಿಸಬೇಕು, ಡಬ್ಬಿ ಹೊರಡಬೇಕು, ತಲುಪಬೇಕು, ಒಂದು ತಟ್ಟೆ ತುಂಬುವಷ್ಟು ಮಾದರಿಗಳು ಸೇರಬೇಕು, ವರದಿ ತಿರುಗಿ ಬರಬೇಕು.

ಪಿಸಿಆರ್‌ನ ಬಲ ಗುಣಾಕಾರದಲ್ಲಿದೆ. ವೈರಸ್ಸಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ನಕಲು ಮಾಡಿ, ಬಿಸಿ ಮಾಡಿ ತಣಿಸಿ, ಪ್ರತಿ ಸುತ್ತಿಗೂ ಎರಡರಷ್ಟು ಮಾಡುತ್ತಾ ಹೋಗುತ್ತೇವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಒಂದು ತುಣುಕು ನೂರು ಕೋಟಿ ದಾಟಿರುತ್ತದೆ. ಕಾರ್ಡಿಗೆ ಕಾಣದ ಹತ್ತಾರು ತುಣುಕುಗಳು ಇಲ್ಲಿ ಕಾಣುತ್ತವೆ. ಇನ್‌ಫ್ಲುಯೆಂಜಾ ಎ ವೈರಸ್ಸಿನ ಎಂಟು ಆರ್‌ಎನ್‌ಎ ತುಂಡುಗಳಲ್ಲಿ ಮ್ಯಾಟ್ರಿಕ್ಸ್ ಜೀನ್ ಇರುವ ತುಂಡು ಅಷ್ಟಾಗಿ ಬದಲಾಗುವುದಿಲ್ಲ. ಅದನ್ನು ಹುಡುಕಿದರೆ ಎ ಹೌದೋ ಅಲ್ಲವೋ ತಿಳಿಯುತ್ತದೆ. ಆಮೇಲೆ ಹೊರಮೈಯ ಪ್ರೋಟೀನುಗಳ ಜೀನುಗಳನ್ನು ಹುಡುಕಿ ಎಚ್1 ಅಥವಾ ಎಚ್3 ಎಂದು ಗುರುತಿಸುತ್ತೇವೆ.

2009ರಲ್ಲಿ ಎಚ್1ಎನ್1 ಬಂದಾಗ ನಮ್ಮ ದೇಶದಲ್ಲಿ ಆರಂಭದ ಪರೀಕ್ಷೆಗಳು ನಡೆದದ್ದು ಮುಖ್ಯವಾಗಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಮತ್ತು ದೆಹಲಿಯಲ್ಲಿ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಆಸರೆಯಾಯಿತು. ಈಗ ಜಿಲ್ಲೆಗಳಲ್ಲಿಯೇ ಪಿಸಿಆರ್ ಯಂತ್ರಗಳಿವೆ. ಕೋವಿಡ್ ಕಾಲದಲ್ಲಿ ಬಂದವು. ಆದರೆ ಯಂತ್ರ ಹತ್ತಿರ ಬಂದಷ್ಟು ಬೇಗ ಮಾದರಿ ಹತ್ತಿರ ಬರಲಿಲ್ಲ.

ಒಂದು ಘಟನೆ ಹೇಳುತ್ತೇನೆ, ಊರಿನ ಹೆಸರು ಬೇಡ. ಒಮ್ಮೆ ಮಲೆನಾಡಿನ ಒಂದು ಕಡೆಯಿಂದ ಡಬ್ಬಿ ಬಂತು. ಮುಚ್ಚಳ ತೆರೆದಾಗ ಐಸ್ ಪ್ಯಾಕ್‌ಗಳು ಮುಟ್ಟಿದರೆ ಬೆಚ್ಚಗಿದ್ದವು. ಒಳಗಿನ ಚೀಲದಲ್ಲಿ ಐದು ನಳಿಕೆಗಳು. ಎರಡರ ಮೇಲೆ ಶಾಯಿಯ ಪೆನ್ನಿನಲ್ಲಿ ಬರೆದ ಹೆಸರು ನೀರಿನಲ್ಲಿ ಕರಗಿ ನೀಲಿ ಕಲೆಯಾಗಿತ್ತು. ಒಂದರಲ್ಲಿ ಮರದ ಕಡ್ಡಿಗೆ ಹತ್ತಿ ಸುತ್ತಿದ ಸ್ವ್ಯಾಬ್ ಇತ್ತು. ಮರ ಮತ್ತು ಹತ್ತಿಯಲ್ಲಿರುವ ಅಂಶಗಳು ಪಿಸಿಆರ್ ಕ್ರಿಯೆಯನ್ನೇ ತಡೆಯಬಲ್ಲವು. ಪ್ಲಾಸ್ಟಿಕ್ ಕಡ್ಡಿಯ, ಸಿಂಥೆಟಿಕ್ ಎಳೆಯ ಸ್ವ್ಯಾಬನ್ನೇ ಬಳಸಬೇಕು. ಐದರಲ್ಲಿ ಎರಡನ್ನು ಮಾತ್ರ ಪರೀಕ್ಷೆಗೆ ಹಾಕಲು ಸಾಧ್ಯವಾಯಿತು. ಉಳಿದ ಮೂವರ ಮನೆಯವರಿಗೆ ಏನು ಹೇಳಿದರೋ ಎಂದು ಈಗಲೂ ಅನಿಸುತ್ತದೆ.

ವಿಟಿಎಂ ಎಂಬ, ಮಾದರಿ ಸಾಗಿಸಲು ನಳಿಕೆಯಲ್ಲಿ ಹಾಕುವ ದ್ರವದಲ್ಲಿರುವ ಮಾದರಿಯನ್ನು 2ರಿಂದ 8 ಡಿಗ್ರಿಯಲ್ಲಿ ಮೂರು ದಿನಗಳವರೆಗೆ ಇಡಬಹುದು. ಅದಕ್ಕಿಂತ ಹೆಚ್ಚು ದಿನ ಇಡಬೇಕಾದರೆ ಸೊನ್ನೆಗಿಂತ 70 ಡಿಗ್ರಿ ಕೆಳಗೆ. ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಇಡುವುದು ಬೇಡ.

ಕೊಪ್ಪದ ಆಶಾ ಕಾರ್ಯಕರ್ತೆ – ಮಂಗಳವಾರ, ಸಂಜೆ 6.20

ಮೇಡಂ, ನಮ್ಮ ಕಡೆ ಜ್ವರ ಎಂದರೆ ಮೊದಲು ಮಂಗನ ಕಾಯಿಲೆಯ ಭಯ. ಗಂಟಲಿನ ಮಾದರಿಯಲ್ಲಿ ಏನೂ ಬರಲಿಲ್ಲ ಎಂದರೆ ಅದೂ ಇಲ್ಲ ಎಂದೇ? ಮನೆಗಳಲ್ಲಿ ಹಾಗೆಯೇ ಕೇಳುತ್ತಾರೆ.

ಲ್ಯಾಬ್ ತಂತ್ರಜ್ಞೆ, ಹಾಸನ – ಮಂಗಳವಾರ, ಸಂಜೆ 6.45

ಇಲ್ಲ ಅಮ್ಮ, ಎರಡೂ ಬೇರೆ ಬೇರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆ ಉಣುಗಿನಿಂದ ಬರುವಂಥದ್ದು; ಅದರ ವೈರಸ್ಸನ್ನು ಹುಡುಕುವುದು ರಕ್ತದಲ್ಲಿ. ಮೂಗು–ಗಂಟಲಿನ ಮಾದರಿಯಿಂದ ಅದರ ಬಗ್ಗೆ ಏನನ್ನೂ ಹೇಳಲಾಗದು. ಮಂಗನ ಕಾಯಿಲೆ ಹೆಚ್ಚಾಗಿ ಕಾಣುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಫ್ಲೂ ಏರುವುದು ಮಳೆಗಾಲದಲ್ಲಿ ಮತ್ತು ಜನವರಿ–ಮಾರ್ಚ್ ನಡುವೆ. ಎರಡೂ ಒಂದರ ಮೇಲೊಂದು ಬರುವ ತಿಂಗಳುಗಳಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ರಕ್ತವನ್ನೂ ಕಳುಹಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಯವಿಟ್ಟು ಹೇಳಿ. ನೀವು ಹೇಳಿದರೆ ಕೇಳುತ್ತಾರೆ.

ಹಾಸನದ ಪಶುವೈದ್ಯ – ಮಂಗಳವಾರ, ರಾತ್ರಿ 8.10

ಕೋಳಿಗಳ ಕಡೆಯಿಂದ ನಾನೂ ಸ್ವಲ್ಪ ಸೇರಿಸುತ್ತೇನೆ. ಈ ವಿದ್ಯೆಯೆಲ್ಲ ಬೆಳೆದದ್ದು ಕೋಳಿಮೊಟ್ಟೆಯ ಮೇಲೆ. 1933ರಲ್ಲಿ ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಎಂಬ ಮೂವರು ಮನುಷ್ಯರ ಫ್ಲೂ ವೈರಸ್ಸನ್ನು ಫೆರೆಟ್ ಎಂಬ ಪ್ರಾಣಿಯಲ್ಲಿ ಮೊದಲು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ಮರಿ ಬೆಳೆಯುತ್ತಿರುವ ಮೊಟ್ಟೆಯಲ್ಲಿ ಬೆಳೆಸಲು ಕಲಿತರು. 1941ರಲ್ಲಿ ಜಾರ್ಜ್ ಹರ್ಸ್ಟ್ ಒಂದು ಸಂಗತಿಯನ್ನು ಗಮನಿಸಿದರು: ವೈರಸ್ ಇರುವ ಮೊಟ್ಟೆಯ ದ್ರವ ತಾಗಿದರೆ ಕೋಳಿಯ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇದನ್ನು ಕಣ್ಣಾರೆ ನೋಡಬೇಕು. ಹತ್ತು ದಿನ ಕಾವು ಕೊಟ್ಟ ಮೊಟ್ಟೆಯನ್ನು ಕತ್ತಲೆ ಕೋಣೆಯಲ್ಲಿ ದೀಪಕ್ಕೆ ಹಿಡಿದರೆ ರಕ್ತನಾಳಗಳು ಬೇರಿನಂತೆ ಹರಡಿರುವುದೂ ಮರಿ ಮಿಸುಕಾಡುವುದೂ ಕಾಣುತ್ತವೆ. ಗಾಳಿಗೂಡಿನ ಬಳಿ ಸಣ್ಣ ತೂತು ಮಾಡಿ ಮಾದರಿಯನ್ನು ಚುಚ್ಚಿ, ಮೇಣದಿಂದ ಮುಚ್ಚಿ, ಎರಡು ಮೂರು ದಿನ ಕಾವಿನಲ್ಲಿಡುತ್ತೇವೆ. ಆಮೇಲೆ ದ್ರವ ತೆಗೆದು ತಟ್ಟೆಯ ಗುಳಿಗಳಲ್ಲಿ ರಕ್ತಕಣಗಳೊಂದಿಗೆ ಬೆರೆಸುತ್ತೇವೆ. ವೈರಸ್ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕಣಗಳು ಗುಳಿಯ ತಳಕ್ಕೆ ಇಳಿದು ಕೆಂಪು ಗುಂಡಿಯಂತೆ ಕೂರುತ್ತವೆ. ಇದ್ದರೆ ಗುಂಡಿ ಕಟ್ಟುವುದೇ ಇಲ್ಲ, ಗುಳಿಯ ತುಂಬ ತೆಳುವಾದ ಗುಲಾಬಿ ಬಲೆ ಹರಡಿಕೊಳ್ಳುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ಅದು ಅಚ್ಚರಿಯೇ. ಆದರೆ ಬರೀ ಬಲೆ ನೋಡಿ ಫ್ಲೂ ಎನ್ನುವಂತಿಲ್ಲ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ ವೈರಸ್ ಕೂಡ ಹೀಗೆಯೇ ಮಾಡುತ್ತದೆ.

2012ರ ಅಕ್ಟೋಬರಿನಲ್ಲಿ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಂಡಾಗ ಖಚಿತಪಡಿಸಿದ್ದು ಭೋಪಾಲಿನ ಪ್ರಯೋಗಾಲಯ. ಫಾರಂನಲ್ಲಿ ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಕಾರ್ಡ್ ಹಾಕಿ ನೆಮ್ಮದಿ ಪಡಬೇಡಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ ನಮಗೆ ತಿಳಿಸಿ.

ಅರಸೀಕೆರೆಯ ನಿವೃತ್ತ ಅಧ್ಯಾಪಕ – ಮಂಗಳವಾರ, ರಾತ್ರಿ 8.40

ಮೊಟ್ಟೆಯ ವಿಧಾನ ಮನುಷ್ಯರ ಮಾದರಿಗೆ ಈಗಲೂ ಇದೆಯೇ?

ಲ್ಯಾಬ್ ತಂತ್ರಜ್ಞೆ, ಹಾಸನ – ಮಂಗಳವಾರ, ರಾತ್ರಿ 9.15

ರೋಗಿಗೆ ಉತ್ತರ ಹೇಳಲು ಅಲ್ಲ ಸರ್, ವಾರ ಹಿಡಿಯುತ್ತದೆ. ನಾಯಿಯ ಮೂತ್ರಪಿಂಡದಿಂದ 1958ರಲ್ಲಿ ತೆಗೆದು ಬೆಳೆಸಿಕೊಂಡು ಬಂದ ಜೀವಕೋಶಗಳ ಮೇಲೆ ಬೆಳೆಸಿದರೂ ಮೂರರಿಂದ ಹತ್ತು ದಿನ ಬೇಕು. ಮಾದರಿಯನ್ನು ಆ ಕೋಶಗಳ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಅದುಮಿ, ಹೊಳೆಯುವ ಪ್ರತಿಕಾಯ ಹಾಕಿ ನೋಡಿದರೆ ಒಂದರಿಂದ ಮೂರು ದಿನಗಳಲ್ಲಿ ಉತ್ತರ ಸಿಗುತ್ತದೆ. ಬೆಳೆಸದೆಯೇ ಮೂಗಿನಿಂದ ಬಂದ ಕೋಶಗಳಿಗೆ ನೇರವಾಗಿ ಆ ಪ್ರತಿಕಾಯ ಹಾಕಿದರೆ ಎರಡು ಮೂರು ಗಂಟೆ ಸಾಕು. ಸೂಕ್ಷ್ಮದರ್ಶಕದಲ್ಲಿ ಸೋಂಕಿದ ಕೋಶಗಳು ಎಳೆ ಹಸಿರಾಗಿ ಬೆಳಗುತ್ತವೆ. ಅದಕ್ಕೆ ಪಳಗಿದ ಕಣ್ಣು ಬೇಕು, ಹಾಗಾಗಿ ಎಲ್ಲೆಡೆ ನಡೆಯುವುದಿಲ್ಲ.

ವೈರಸ್ಸನ್ನು ಜೀವಂತವಾಗಿ ಬೆಳೆಸುವ ಕೆಲಸ ನಿಂತರೆ ಮುಂದಿನ ವರ್ಷದ ಲಸಿಕೆಗೆ ಯಾವ ತಳಿ ಬೇಕೆಂದು ಆರಿಸಲಾಗದು. ದೊಡ್ಡ ಪ್ರಯೋಗಾಲಯಗಳಲ್ಲಿ ಅದಕ್ಕಾಗಿಯೇ ಅದನ್ನು ಉಳಿಸಿಕೊಂಡಿದ್ದಾರೆ.

ಬೇಗ ಮತ್ತು ಖಚಿತ ಎರಡೂ ಬೇಕೆನ್ನುವವರಿಗೆ ಈಗ ಸಣ್ಣ ಪೆಟ್ಟಿಗೆಯಂಥ ಯಂತ್ರಗಳು ಬಂದಿವೆ. ಪಿಸಿಆರ್‌ನಂತೆ ಬಿಸಿ–ತಂಪು ಮಾಡದೆ ಒಂದೇ ಉಷ್ಣತೆಯಲ್ಲಿಟ್ಟು ವೈರಸ್ಸಿನ ತುಣುಕನ್ನು ಹೆಚ್ಚಿಸುತ್ತವೆ. 2000ದಲ್ಲಿ ಜಪಾನಿನವರು ರೂಪಿಸಿದ ಲ್ಯಾಂಪ್ ವಿಧಾನ 60–65 ಡಿಗ್ರಿಯಲ್ಲಿ ನಡೆಯುತ್ತದೆ. ಇದೇ ಬಗೆಯ ಇನ್ನೊಂದು ವಿಧಾನದ ಯಂತ್ರ ಕಾಲು ಗಂಟೆಯಲ್ಲಿ ಉತ್ತರ ಕೊಡುತ್ತದೆ, ಕಾರ್ಡಿಗಿಂತ ಎಷ್ಟೋ ಹೆಚ್ಚು ಜನರನ್ನು ಹಿಡಿಯುತ್ತದೆ. ಒಂದೊಂದು ಪರೀಕ್ಷೆಯ ಬೆಲೆಯೇ ತೊಡಕು. ತಾಲ್ಲೂಕು ಆಸ್ಪತ್ರೆಗೆ ಒಂದಾದರೂ ಬರಬೇಕು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಲೇ ಇದ್ದೇನೆ.

ಬಣಕಲ್ ತೋಟದಮನೆ – ಬುಧವಾರ, ಮಧ್ಯಾಹ್ನ 3.30

ಇಂದು ಬೆಳಗ್ಗೆ ಅಮ್ಮನಿಗೆ ಉಸಿರು ಕಟ್ಟಿದಂತಾಯಿತು. ಬೆರಳಿಗೆ ಹಾಕುವ ಯಂತ್ರದಲ್ಲಿ 91 ತೋರಿಸಿತು. ಚಿಕ್ಕಮಗಳೂರಿಗೆ ಕರೆತಂದು ಸೇರಿಸಿದ್ದೇವೆ, ಆಮ್ಲಜನಕ ಕೊಡುತ್ತಿದ್ದಾರೆ. ಈಗ ಸಿ ವರ್ಗಕ್ಕೆ ಬಂದಿದ್ದಾರೆ, ಪಿಸಿಆರ್‌ಗೆ ಮಾದರಿ ಕಳುಹಿಸಲೇಬೇಕು ಎಂದರು. ಮಾತ್ರೆ ತಪ್ಪಿಸಿಲ್ಲ.

ಮಾದರಿ ತೆಗೆಯುವಾಗ ಪಕ್ಕದಲ್ಲಿದ್ದೆ. ಪೇಟೆಯಲ್ಲಿ ಮೂಗಿನ ತುದಿಯಲ್ಲಿ ಒಮ್ಮೆ ಸವರಿದ್ದರು ಅಷ್ಟೇ. ಇಲ್ಲಿ ನರ್ಸ್ ಮೊದಲು ಸ್ವ್ಯಾಬನ್ನು ಮೂಗಿನ ಹೊಳ್ಳೆಯಿಂದ ಕಿವಿಯ ಕಡೆಗೆ ಹಿಡಿದು ಅಳತೆ ನೋಡಿಕೊಂಡರು. ಅಮ್ಮನ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೇಲಕ್ಕಲ್ಲ, ನೇರ ಹಿಂದಕ್ಕೆ ತೂರಿಸಿದರು. ಅಷ್ಟು ಒಳಗೆ ಹೋಗುತ್ತದೆ ಎಂದು ನನಗೆ ತಿಳಿದೇ ಇರಲಿಲ್ಲ. ಕೆಲವು ಕ್ಷಣ ಅಲ್ಲಿಯೇ ನಿಲ್ಲಿಸಿ ತಿರುಗಿಸಿ ತೆಗೆದರು. ಅಮ್ಮನ ಕಣ್ಣಲ್ಲಿ ನೀರು ಬಂತು. ‘ಕ್ಷಮಿಸಿ ಅಜ್ಜಿ, ಇಷ್ಟು ಒಳಗೆ ಹೋಗದಿದ್ದರೆ ಸಿಗುವುದಿಲ್ಲ’ ಎಂದರು ಆಕೆ.

ಲ್ಯಾಬ್ ತಂತ್ರಜ್ಞೆ, ಹಾಸನ – ಬುಧವಾರ, ಸಂಜೆ 4.05

ಆ ನರ್ಸ್‌ಗೆ ನನ್ನ ನಮಸ್ಕಾರ ತಿಳಿಸಿ. ತಾಯಿಯವರು ಬೇಗ ಗುಣವಾಗಲಿ.

ನೀವು ಹೇಳಿದ ಆ ವ್ಯತ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರ್ಡಿನಲ್ಲಿ ‘ಸಿ’ ಎಂಬ ಗೆರೆ ಬಂದರೆ ಪರೀಕ್ಷೆ ಸರಿಯಾಗಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಆ ಗೆರೆ ಹೇಳುವುದು ದ್ರವ ಪಟ್ಟಿಯಲ್ಲಿ ಹರಿಯಿತು ಎಂದಷ್ಟೇ. ಸ್ವ್ಯಾಬ್ ಮೂಗನ್ನು ಮುಟ್ಟದೇ ಇದ್ದರೂ, ಬರೀ ದ್ರಾವಣ ಹಾಕಿದರೂ ‘ಸಿ’ ಗೆರೆ ಬರುತ್ತದೆ! ಪಿಸಿಆರ್‌ನಲ್ಲಿ ನಾವು ವೈರಸ್ಸಿನ ಜೊತೆಗೆ ಆರ್‌ನೇಸ್ ಪಿ ಎಂಬ ಮನುಷ್ಯರದೇ ಜೀನನ್ನೂ ಹುಡುಕುತ್ತೇವೆ. ಅದು ಸಿಗದಿದ್ದರೆ ನಳಿಕೆಯಲ್ಲಿ ರೋಗಿಯ ಕೋಶಗಳೇ ಇಲ್ಲ, ಅಥವಾ ಪರೀಕ್ಷೆಯೇ ಎಲ್ಲೋ ಕೆಟ್ಟಿದೆ ಎಂದರ್ಥ. ಆಗ ‘ನೆಗೆಟಿವ್’ ಎಂದು ಬರೆಯುವುದಿಲ್ಲ, ‘ಮತ್ತೆ ಮಾದರಿ ಕಳುಹಿಸಿ’ ಎಂದು ಬರೆಯುತ್ತೇವೆ. ತುದಿಯಲ್ಲಿ ಸವರಿದ ಕಡ್ಡಿಗೂ ಒಳಗೆ ಹೋದ ಕಡ್ಡಿಗೂ ಇರುವ ಅಂತರವನ್ನು ಆ ಕಾರ್ಡ್ ಎಂದೂ ತೋರಿಸುವುದಿಲ್ಲ.

ಬೇಲೂರು ಕಡೆಯವನು – ಬುಧವಾರ, ಸಂಜೆ 5.10

ಸಿ ವರ್ಗ ಎಂದರೆ?

ಲ್ಯಾಬ್ ತಂತ್ರಜ್ಞೆ, ಹಾಸನ – ಬುಧವಾರ, ಸಂಜೆ 5.30

ಎಚ್1ಎನ್1 ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾಡಿದ ವಿಂಗಡಣೆ. ಸಾಧಾರಣ ನೆಗಡಿ–ಜ್ವರ ಎ ವರ್ಗ: ಪರೀಕ್ಷೆಯೂ ಬೇಡ, ಒಸೆಲ್ಟಾಮಿವಿರ್ ಕೂಡ ಬೇಡ. ಜ್ವರ ಹೆಚ್ಚಿದ್ದರೆ, ಅಥವಾ ವೃದ್ಧರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಸಕ್ಕರೆ ಕಾಯಿಲೆ, ಹೃದಯ–ಶ್ವಾಸಕೋಶದ ಕಾಯಿಲೆ ಇರುವವರಾದರೆ ಬಿ ವರ್ಗ: ಪರೀಕ್ಷೆಗೆ ಕಾಯದೆ ಡಾಕ್ಟರು ಔಷಧಿ ಆರಂಭಿಸಬಹುದು. ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ, ರಕ್ತದೊತ್ತಡ ಇಳಿಯುವುದು, ಉಗುರು ನೀಲಿಯಾಗುವುದು ಕಂಡರೆ ಸಿ: ಆಸ್ಪತ್ರೆಗೆ ಸೇರಿಸಿ, ಪರೀಕ್ಷೆ ಮಾಡಿ, ಔಷಧಿ ಕೊಡಬೇಕು. ಬಣಕಲ್‌ನವರ ಡಾಕ್ಟರು ಸೋಮವಾರ ಮಾಡಿದ್ದು ಇದರಂತೆಯೇ.

ಬಣಕಲ್ ತೋಟದಮನೆ – ಶುಕ್ರವಾರ, ಬೆಳಗ್ಗೆ 11.20

ವರದಿ ಬಂತು. ಇನ್‌ಫ್ಲುಯೆಂಜಾ ಎ ಪಾಸಿಟಿವ್, ಎಚ್3. ಅಮ್ಮನಿಗೆ ಜ್ವರ ಇಳಿದಿದೆ, ನಿನ್ನೆ ರಾತ್ರಿಯಿಂದ ಆಮ್ಲಜನಕ ತೆಗೆದಿದ್ದಾರೆ, ಬೆಳಗ್ಗೆ ಗಂಜಿ ಕುಡಿದರು. ಅಣ್ಣ ಬೆಳಗಿನ ಬಸ್ಸಿನಲ್ಲಿ ಬಂದು ಅಮ್ಮನ ಕಾಲ ಬಳಿ ಕುಳಿತಿದ್ದಾನೆ.

ವರದಿಯಲ್ಲಿ ‘ಸಿಟಿ 31’ ಎಂದಿದೆ. ಇದು ಹೆಚ್ಚೋ ಕಡಿಮೆಯೋ? ಮತ್ತೆ, ಲೈನ್ ಮನೆಯಲ್ಲಿ ಒಂದೂವರೆ ವರ್ಷದ ಮಗುವಿಗೆ ನಿನ್ನೆಯಿಂದ ಜ್ವರ, ಇನ್ನೊಬ್ಬಾಕೆ ಆರು ತಿಂಗಳ ಗರ್ಭಿಣಿ, ಆಕೆಗೂ ಕೆಮ್ಮು ಆರಂಭವಾಗಿದೆ. ಅವರಿಗೂ ಕಾರ್ಡ್ ಮಾಡಿಸಲೇ?

ಲ್ಯಾಬ್ ತಂತ್ರಜ್ಞೆ, ಹಾಸನ – ಶುಕ್ರವಾರ, ಬೆಳಗ್ಗೆ 11.35

ಎಷ್ಟನೆಯ ಸುತ್ತಿನಲ್ಲಿ ವೈರಸ್ ಕಾಣಿಸಿಕೊಂಡಿತು ಎಂಬುದು ಆ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಮಾದರಿಯಲ್ಲಿದ್ದ ವೈರಸ್ ಕಡಿಮೆ. 31ರಲ್ಲಿ ಸಿಕ್ಕಿದ್ದು ಕಾರ್ಡಿಗೆ ಕಾಣದೇ ಹೋಗುವುದು ಸಹಜ. ಆದರೆ ಅದರಿಂದ ಕಾಯಿಲೆಯ ತೀವ್ರತೆಯನ್ನು ಅಳೆಯಬೇಡಿ.

ಮಗುವಿಗೂ ಆ ಗರ್ಭಿಣಿಗೂ ಕಾರ್ಡ್ ಬೇಡ. ಒಂದೇ ತೋಟದಲ್ಲಿ ಎಚ್3 ಖಚಿತವಾಗಿದೆ; ಈ ವರದಿಯ ಪ್ರತಿಯನ್ನು ಹಿಡಿದು ಇಬ್ಬರನ್ನೂ ಇಂದೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಮಗುವಿಗೆ ನಿನ್ನೆ ಎಷ್ಟು ಗಂಟೆಗೆ ಜ್ವರ ಬಂತು ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಿ.

ಬಣಕಲ್ ತೋಟದಮನೆ – ಶುಕ್ರವಾರ, ಬೆಳಗ್ಗೆ 11.41

ನಿನ್ನೆ ಮಧ್ಯಾಹ್ನ ಎರಡು ಗಂಟೆಗಂತೆ. ಅಣ್ಣ ಜೀಪ್ ತೆಗೆದುಕೊಂಡು ತೋಟಕ್ಕೆ ಹೊರಟಿದ್ದಾನೆ.